ಬಾಯಿಲ್ಲದ ಹುತ್ತ

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಎಂಟನೇ ತರಗತಿ. ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆದ ದಿನ ನಾನು ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ಮೇಷ್ಟ್ರು ಹೊಡೆದು ಓಡಿಸಿದ್ದೂ ಇಲ್ಲ. ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕೆಲಸ ನೋಡಿದವರು "ಅಯ್ಯೋ ಪಾಪ, ಓದಿದ್ದರೆ ಎಲ್ಲಿರುತ್ತಿದ್ದಿರೋ" ಅನ್ನುತ್ತಾರೆ. ಎಲ್ಲೂ ಇರುತ್ತಿರಲಿಲ್ಲ. ಇಲ್ಲೇ ಇರುತ್ತಿದ್ದೆ, ಕೆಲಸ ಮಾತ್ರ ಬರುತ್ತಿರಲಿಲ್ಲ.

ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿ ಹೋಬಳಿಯ ನಮ್ಮೂರಿನಲ್ಲಿ ಅದು ಹೊಗೆಸೊಪ್ಪು ಬೇಯಿಸುವ ಕಾಲ. ನಮ್ಮ ಬ್ಯಾರನ್ನಿನ ಗೋಡೆ ಬಿರುಕು ಬಿಟ್ಟಿತ್ತು. ಬ್ಯಾರನ್ ಅಂದರೆ ಎತ್ತರದ ಮಣ್ಣಿನ ಕೋಣೆ. ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ಇಳಿಬಿಟ್ಟು, ಕೆಳಗೆ ಕೊಳವೆಯಲ್ಲಿ ಬಿಸಿ ಹಾಯಿಸುತ್ತಾರೆ. ಗೋಡೆಯಲ್ಲಿ ಬೆರಳು ಹೋಗುವಷ್ಟು ಸಂದಿದ್ದರೆ ಸಾಕು, ಶಾಖ ಸೋರಿ ಆ ಮಗ್ಗುಲಿನ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ. ನಾನು ಮಣ್ಣಿಗೆ ಹುಲ್ಲು, ಸಗಣಿ, ಒಂದಿಷ್ಟು ಮರಳು ಸೇರಿಸಿ, ತುಳಿದು, ಎರಡು ದಿನ ಕೊಳೆಸಿ ಮೆತ್ತಿದೆ. ಆ ಸಲ ಸೊಪ್ಪು ನಾಲ್ಕೂ ಮಗ್ಗುಲಲ್ಲಿ ಒಂದೇ ಬಣ್ಣ ಬಂತು. ಅಪ್ಪ ಗೋಡೆಗೆ ಅಂಗೈ ಒತ್ತಿ ನೋಡಿ ಅವ್ವನಿಗೆ ಹೇಳಿದ್ದು ಇಷ್ಟೆ: "ಇವನ ಕೈಲಿ ಏನೋ ಐತೆ ಕಣೇ. ಇಸ್ಕೂಲಿನೋರಿಗೆ ಗೊತ್ತಾಗಿಲ್ಲ ಅಷ್ಟೆ."

ಅಲ್ಲಿಂದ ಹುಣಸೂರಿಗೆ ಗಾರೆ ಕೆಲಸಕ್ಕೆ ಬಂದೆ. ನಾಲ್ಕು ವರ್ಷ ಗೋಡೆ ಬಳಿದ ಮೇಲೆ, ಗೋಪುರಕ್ಕೆ ಸಿಮೆಂಟಿನ ಗೊಂಬೆ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯ ಕೈಗೆ ಸೇರಿದೆ. ದ್ವಾರಪಾಲಕರ ಮೀಸೆ, ನಂದಿಯ ಗಂಟೆ, ಸಿಂಹದ ಉಗುರು, ಹೀಗೆ ಸಣ್ಣದರಿಂದ ಶುರುಮಾಡಿ ಇಡೀ ಮೂರ್ತಿಗೆ ಬಂದೆ. ಆ ಮೇಸ್ತ್ರಿಗೆ ಒಂದು ದಿನ ದೂರದ ಊರಿನ ಮೃಗಾಲಯದಿಂದ ಕರೆ ಬಂತು. ಸಿಂಹ ಇರುವ ಜಾಗಕ್ಕೆ ಬಂಡೆ ಮಾಡಿಕೊಡಬೇಕಂತೆ. ಮೇಸ್ತ್ರಿ ನಕ್ಕರು. "ಬೆಟ್ಟದ ತುಂಬ ಬಂಡೆ ಬಿದ್ದಿರುವಾಗ ಬಂಡೆ ಮಾಡುಸ್ತಾರಂತೆ ಕಣ್ಲಾ." ನಕ್ಕರೂ ಹೋದೆವು.

ಅಲ್ಲಿ ಆ ಜಾಗವನ್ನು ವಿನ್ಯಾಸ ಮಾಡುತ್ತಿದ್ದದ್ದು ಒಬ್ಬರು ಮೇಡಂ. ಮೇಸ್ತ್ರಿಗಿಂತ ತುಂಬ ಚಿಕ್ಕ ವಯಸ್ಸು, ಕಾಲಲ್ಲಿ ಕೆಸರಿನ ಬೂಟು, ಮಾತು ಕಮ್ಮಿ. ಮೊದಲ ದಿನವೇ ಅವರು ನಮ್ಮನ್ನು ಹಳೆಯ ಬೋನಿನ ಮುಂದೆ ನಿಲ್ಲಿಸಿ, "ಏನು ಕಾಣ್ತಿದೆ?" ಅಂದರು. ಸಿಂಹ ಅಂದೆವು. "ಅಲ್ಲ, ಮೊದಲು ಕಾಣೋದು ಕಂಬಿ" ಅಂದರು. ಅವರ ಲೆಕ್ಕ ಹೀಗಿತ್ತು: ನೋಡುವವನಿಗೆ ಬೇಲಿ ಕಾಣಬಾರದು, ತಾನು ಆಫ್ರಿಕಾದ ಹುಲ್ಲುಗಾವಲಿನೊಳಗೇ ನಿಂತ ಹಾಗೆ ಇರಬೇಕು. ಬೇಲಿಯ ಬದಲು ಆಳದ ಕಂದಕ, ಕಂದಕ ಕಾಣದ ಹಾಗೆ ಹುಲ್ಲು, ಗೋಡೆ ಕಾಣದ ಹಾಗೆ ಬಂಡೆ. ಪ್ರಾಣಿಗೂ ಅಷ್ಟೆ, ಬೇಕಾದಾಗ ಜನರ ಕಣ್ಣಿಗೆ ಬೀಳದೆ ಮಲಗಲು ಒಂದು ಮರೆ ಇರಬೇಕು. "ಪ್ರಾಣಿ ಏನು ಮಾಡಬೇಕು ಅಂತ ಅದೇ ತೀರ್ಮಾನ ಮಾಡಲಿ, ನಾವು ಜಾಗ ಕೊಡೋಣ ಅಷ್ಟೆ" ಅನ್ನುತ್ತಿದ್ದರು.

ಬಂಡೆ ಮಾಡುವುದು ಗೊಂಬೆ ಮಾಡುವುದಕ್ಕಿಂತ ಕಷ್ಟ. ಗೊಂಬೆಗೆ ಅಳತೆ ಇದೆ, ಬಂಡೆಗೆ ಇಲ್ಲ. ಕಂಬಿ ಬಗ್ಗಿಸಿ, ಕೋಳಿ ಜಾಲರಿ ಸುತ್ತಿ, ಗಾರೆ ಹೊಡೆದರೆ ಮೊದಲು ಬರುವುದು ಆಲೂಗಡ್ಡೆ. ಮೇಡಂ ಫೋಟೋ ತೋರಿಸಿದರು. ನೋಡಿದೆ. ಆಫ್ರಿಕಾದ ಆ ಬಂಡೆಗುಡ್ಡ ನಮ್ಮ ಬೆಟ್ಟದಪುರದ ಬೆಟ್ಟದ ತಮ್ಮನ ಹಾಗಿತ್ತು. ನಾನು ರಜೆ ಕೇಳಿ ಊರಿಗೆ ಬಂದು, ಬೆಟ್ಟ ಹತ್ತಿ, ಬಂಡೆಯ ಮೈಮೇಲೆ ರಬ್ಬರ್ ಹಾಲನ್ನು ಐದಾರು ಸಲ ಬಳಿದು, ಒಣಗಿದ ಮೇಲೆ ಚರ್ಮ ಸುಲಿದ ಹಾಗೆ ಕಿತ್ತು, ಸುತ್ತಿಕೊಂಡು ಹೋದೆ. ಹಸಿ ಗಾರೆಗೆ ಆ ಅಚ್ಚು ಒತ್ತಿದಾಗ ಬಂಡೆಯ ಸುಕ್ಕು, ತರಿ, ಮಳೆ ಹರಿದ ಗೆರೆ ಎಲ್ಲ ಬಂತು. ಆಮೇಲೆ ಹುಳಿ ಮಜ್ಜಿಗೆಗೆ ಸಗಣಿ ನೀರು ಬೆರೆಸಿ ಎರಚಿದೆವು. ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿಯಿತು. ಸಿಂಹ ಆ ಬಂಡೆಯ ಮೇಲೆ ಹೋಗಿ ಕೂತಿತು. ನಮ್ಮೂರ ಬೆಟ್ಟದ ಮೇಲೆ ಆಫ್ರಿಕಾದ ಸಿಂಹ ಕೂತಿದೆ ಅಂತ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು.

ಹೀಗೆ ಹದಿನಾರು ವರ್ಷ. ಜಿರಾಫೆಗೆ ಎತ್ತರದಲ್ಲಿ ಸೊಪ್ಪು ಕಟ್ಟುವ ಒಣಮರ, ನೀರಾನೆಗೆ ಕೊಚ್ಚಿಹೋದಂಥ ಹೊಳೆದಡ, ಒಳಗೆ ಪ್ರಾಣಿ ನೋಡಿಕೊಳ್ಳುವ ಪಾಲಕ ನಿಲ್ಲುವಷ್ಟು ದಪ್ಪದ ಪೊಳ್ಳು ಮರ. ಎಲ್ಲದಕ್ಕೂ ಕೈ ನನ್ನದು, ಹೆಸರು ಮೇಸ್ತ್ರಿಯದು. ಅದರಲ್ಲಿ ತಪ್ಪಿಲ್ಲ, ಕಲಿಸಿದವರು ಅವರು. ಆದರೆ ಕೆಲಸ ಮುಗಿದು ಸಾಹೇಬರು ಕೈಕುಲುಕಲು ಬಂದಾಗ ನಾನು ಬಾಂಡಲಿ ತೊಳೆಯುತ್ತಾ ನಿಂತಿರುತ್ತಿದ್ದೆ. ಅದು ಮನಸ್ಸಿಗೆ ನಾಟುತ್ತಿತ್ತು.

ನಾಲ್ಕು ವರ್ಷದ ಹಿಂದೆ ಮೇಸ್ತ್ರಿಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಮೇಡಂ ನನಗೇ ಫೋನ್ ಮಾಡಿದರು. ಇನ್ನೊಂದು ಊರಿನ ಮೃಗಾಲಯದಲ್ಲಿ ಆಸ್ಟ್ರೇಲಿಯಾದ ಆವರಣ ಆಗುತ್ತಿದೆ, ವಾಲಬಿ ಬರುತ್ತವೆ, ಅಂದರೆ ಸಣ್ಣ ಜಾತಿಯ ಕಾಂಗರೂ. ಅದಕ್ಕೆ ಐದು ಹುತ್ತ ಬೇಕು, ನಿಮ್ಮ ಹೆಸರಿನಲ್ಲೇ ತಗೊಳ್ಳಿ ಅಂದರು. ಇದು ಸರಿಹೋದರೆ ಅದರ ಪಕ್ಕದ ಆಫ್ರಿಕಾದ ಆವರಣವೂ ನನಗೆ. ಕೆಟ್ಟರೆ ಚೆನ್ನೈ ಕಡೆಯ ಒಂದು ದೊಡ್ಡ ತಂಡ ಕಾಯುತ್ತಿತ್ತು, ಮತ್ತೆ ನಾನು ಅವರ ಕೈಕೆಳಗೆ ಬಾಂಡಲಿ ತೊಳೆಯಬೇಕು. ಆದೇಶದ ಕಾಗದದಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು, ನನ್ನ ಊರು. ಅದನ್ನು ಮೂರು ಸಲ ಓದಿದೆ. ನಕ್ಷೆಯನ್ನು ಒಂದು ಸಲವೂ ಪೂರ್ತಿ ನೋಡಲಿಲ್ಲ. ತಪ್ಪಾದದ್ದು ಅಲ್ಲೇ.

ನಕ್ಷೆ ಮೂರು ಹಾಳೆ ಇತ್ತು. ಮೊದಲ ಹಾಳೆಯಲ್ಲಿ ಎತ್ತರ, ಅಗಲ. ಉಳಿದ ಎರಡರಲ್ಲಿ ಚಿತ್ರಗಳು. ಹುತ್ತ ಹೇಗಿರುತ್ತದೆ ಅಂತ ನನಗೆ ಚಿತ್ರ ತೋರಿಸಬೇಕೇ? ಹೊಲದ ಬದುವಿನಲ್ಲಿ ಹುತ್ತ ನೋಡಿಕೊಂಡು ಬೆಳೆದವನು ನಾನು. ಹಾಳೆ ಮಡಿಸಿ ಸಲಕರಣೆ ಪೆಟ್ಟಿಗೆಯಲ್ಲಿಟ್ಟೆ.

ಹುಣಸೂರಿನ ಹೊರಗೆ ರಸ್ತೆ ಪಕ್ಕ ಮುಚ್ಚಿಹೋದ ಒಂದು ಮರದ ಮಿಲ್ಲಿನ ಅಂಗಳ ಬಾಡಿಗೆಗೆ ಹಿಡಿದೆ. ಹುತ್ತಗಳನ್ನು ಇಲ್ಲೇ ಮಾಡಿ ಲಾರಿಯಲ್ಲಿ ಕಳಿಸುವ ಏರ್ಪಾಡು. ಮೃಗಾಲಯದವರು ಐದು ಕಬ್ಬಿಣದ ಪೀಠ ಕಳಿಸಿದ್ದರು, ಅಲ್ಲಿ ನೆಲದಲ್ಲಿ ಹಾಕಿದ ಬೋಲ್ಟುಗಳಿಗೆ ಸರಿಯಾಗಿ ಕೂರುವಂಥವು. ಹುತ್ತ ಅದರ ಮೇಲೇ ಏಳಬೇಕು. ನನ್ನ ಜೊತೆ ಒಂಬತ್ತು ಜನ. ಅದರಲ್ಲಿ ಇಬ್ಬರ ಮಾತು ಇಲ್ಲಿ ಬರುತ್ತದೆ. ಒಬ್ಬ ಎಚ್.ಡಿ. ಕೋಟೆ ಕಾಡಂಚಿನ ಹಾಡಿಯವನು, ನನ್ನ ವಾರಿಗೆ, ಕಂಬಿ ಬಗ್ಗಿಸುವುದರಲ್ಲಿ ಅವನ ಹಾಗೆ ಇನ್ನೊಬ್ಬನಿಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. ಇನ್ನೊಬ್ಬಳು ಗಾರೆ ಕಲಸುವ ಅಕ್ಕ, ಕೋಟೆ ಕಡೆಯವಳೇ, ನಮ್ಮೆಲ್ಲರಿಗಿಂತ ಹಿರಿಯಳು. ಅವಳು ಕಲಸಿದ ಗಾರೆಯನ್ನು ನಾನು ಮುಟ್ಟಿ ನೋಡುವುದಿಲ್ಲ, ಹಾಗೇ ಹಾಕುತ್ತೇನೆ.

ಹತ್ತೊಂಬತ್ತು ದಿನದಲ್ಲಿ ಐದು ಹುತ್ತ ಎಬ್ಬಿಸಿದೆವು. ಆಳಿಗಿಂತ ಎತ್ತರ, ನಾಲ್ಕೈದು ಕೋಡು, ಬುಡದಲ್ಲಿ ಅಗಲ, ಮೈಮೇಲೆ ಗೆದ್ದಲು ಈಗ ತಾನೇ ಹಸಿಮಣ್ಣು ಇಟ್ಟುಹೋದ ಹಾಗೆ ಬೆರಳ ತುದಿಯಲ್ಲಿ ಮಾಡಿದ ಗುಳಿ. ಬಾಯಿಗಳನ್ನು ಬಿಡುವುದರಲ್ಲಿ ನಾನು ತುಂಬ ಹೊತ್ತು ತೆಗೆದುಕೊಂಡೆ. ಬಾಯಿಲ್ಲದ ಹುತ್ತ ಕಣ್ಣಿಲ್ಲದ ಮುಖದ ಹಾಗೆ ಅಂತ ಅವ್ವ ಹೇಳುತ್ತಿದ್ದಳು. ಒಂದೊಂದಕ್ಕೆ ಏಳು ಬಾಯಿ, ಕೆಲವು ತೋಳು ಹೋಗುವಷ್ಟು, ಅಂಚು ನಯವಾಗಿ, ಏನೋ ಹೋಗಿ ಬಂದು ಮಾಡಿ ಸವೆದ ಹಾಗೆ. ಹಾಡಿಯ ಗೆಳೆಯ ಒಂದು ಬಾಯೊಳಗೆ ಕೈ ಹಾಕಿ ಪಟ್ಟನೆ ಹಿಂದಕ್ಕೆ ಎಳೆದುಕೊಂಡು, "ಅಯ್ಯಪ್ಪಾ, ಕಚ್ತು ಕಣ್ಲಾ!" ಅಂತ ಕೂಗಿ ಎಲ್ಲರನ್ನೂ ಹೆದರಿಸಿದ.

ಒಂದು ಮಂಗಳವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅಕ್ಕ ದೊಡ್ಡ ಹುತ್ತದ ಬುಡಕ್ಕೆ ನೀರು ಚಿಮುಕಿಸಿ, ಅರಿಸಿನ ಕುಂಕುಮ ಇಟ್ಟು, ಚೊಂಬಿನ ಹಾಲನ್ನು ಬಾಯಿಗೆ ಸುರಿಯುತ್ತಿದ್ದಳು. ನಮ್ಮ ಕಡೆ ಇದಕ್ಕೆ ತನಿ ಎರೆಯುವುದು ಅನ್ನುತ್ತಾರೆ. ತಡೆಯಬೇಕಾಗಿತ್ತು, ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ಸಿಂಹದ ಬಂಡೆಗೆ ಯಾರೂ ಕೈ ಮುಗಿದಿರಲಿಲ್ಲ.

ಬಸ್ಸಿನಿಂದ ಕಂಡವರು ಹೇಳಿಕೊಂಡರೋ ಏನೋ, ಮುಂದಿನ ಮಂಗಳವಾರ ಗೇಟಿನ ಹತ್ತಿರ ಹೆಂಗಸರು ಬಂದು ನಿಂತರು. ಕೆ.ಆರ್. ನಗರದಿಂದ ಮಗಳ ಮನೆಗೆ ಬಂದಿದ್ದ ಒಬ್ಬರು ಮೊಟ್ಟೆ ತಂದಿದ್ದರು. "ಯಾವಾಗ ಎದ್ದುವ್ರಪ್ಪಾ ಇವು?" ಅಂತ ಕೇಳಿದರು.

"ನಾವೇ ಮಾಡಿದ್ದು ಕಣಮ್ಮ, ಸಿಮೆಂಟಿಂದು" ಅಂದೆ.

"ಏನಾರ ಆಗ್ಲಿ ಬುಡಪ್ಪ, ಐದು ಒಟ್ಟಿಗೆ ನೋಡೇ ಇರ್ಲಿಲ್ಲ" ಅಂದು ಸೆರಗು ಹೊದ್ದುಕೊಂಡು ಒಳಗೆ ಬಂದೇಬಿಟ್ಟರು. ಆ ದಿನ ಐದೂ ಹುತ್ತಕ್ಕೆ ತನಿ ಆಯಿತು.

ಮಾರನೆಯ ದಿನ ಬುಧವಾರ ಮೇಡಂ ಬಂದರು. ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟು ನಿಂತರು. ಹುಳಿಹಾಲಿನ ವಾಸನೆ, ಇರುವೆ ಸಾಲು, ಬಾಳೆಹಣ್ಣು, ಒಡೆದ ಮೊಟ್ಟೆಯ ಸಿಪ್ಪೆ. ನಾನು ಹೊಗಳಿಕೆಗೆ ಕಾಯುತ್ತಾ ಪಕ್ಕದಲ್ಲಿ ನಿಂತಿದ್ದೆ. ಅವರು ಒಂದು ಹುತ್ತದ ಸುತ್ತ ಬಂದು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದರು.

"ಮೇಸ್ತ್ರಿ, ಕೆಲಸ ತುಂಬ ಚೆನ್ನಾಗಿದೆ. ಆದರೆ ಇದು ಆಸ್ಟ್ರೇಲಿಯಾ ಅಲ್ಲ. ಇದು ಪಿರಿಯಾಪಟ್ಟಣ."

ಪೆಟ್ಟಿಗೆಯಿಂದ ಹಾಳೆ ತರಿಸಿ ಬಿಡಿಸಿದರು. ಎರಡನೆಯ ಹಾಳೆಯಲ್ಲಿ ನಾನು ಕಂಡು ಕೇಳರಿಯದ ಹುತ್ತ. ಕೋಡಿಲ್ಲ, ಗುಡ್ಡೆಯಿಲ್ಲ. ಮೊರವನ್ನು ನಿಲ್ಲಿಸಿದ ಹಾಗೆ ಚಪ್ಪಟೆ, ಮೇಲಕ್ಕೆ ಹೋದಂತೆ ತೆಳ್ಳಗೆ. ಎಷ್ಟಿವೆಯೋ ಅಷ್ಟೂ ಒಂದೇ ದಿಕ್ಕಿಗೆ, ತೆಳು ಅಂಚು ಉತ್ತರಕ್ಕೂ ದಕ್ಷಿಣಕ್ಕೂ. ಬೆಳಗಿನ ಬಿಸಿಲು ಒಂದು ಮೈಗೆ, ಸಂಜೆಯದು ಇನ್ನೊಂದು ಮೈಗೆ, ನೆತ್ತಿಯ ಬಿಸಿಲು ಬರೀ ಅಂಚಿಗೆ. ಹೀಗಾಗಿ ಒಳಗಿನ ಶಾಖ ಏರುಪೇರಾಗುವುದಿಲ್ಲವಂತೆ. ಒಂದೇ ಒಂದು ಬಾಯಿಲ್ಲ. ಮೇಡಂ ಹೇಳುತ್ತಿದ್ದಾಗಲೇ ನನಗೆ ಅರ್ಥವಾಗಿಹೋಗಿತ್ತು. ಅದು ಹುತ್ತವಲ್ಲ, ಗೆದ್ದಲು ಕಟ್ಟಿದ ಬ್ಯಾರನ್. ಸಂದು ಬಿಟ್ಟರೆ ಕೆಟ್ಟುಹೋಗುತ್ತದೆ. ನಾನು ಒಂದೊಂದಕ್ಕೆ ಏಳೇಳು ಸಂದು ಬಿಟ್ಟಿದ್ದೆ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನೋಡೋರಿಗೆ ಯಾವ ಹುತ್ತ ಅಂತ ಏನು ಗೊತ್ತಾಗುತ್ತೆ ಮೇಡಂ?"

"ಸಿಂಹದ ಬಂಡೆ ಮಾಡುವಾಗ ಹೀಗೆ ಅಂದಿದ್ರಾ ನೀವು? ರಜೆ ಹಾಕಿ ಬೆಟ್ಟ ಹತ್ತಿದವರು ನೀವೇ ತಾನೆ?"

ಅವರು ದನಿ ಏರಿಸಲಿಲ್ಲ. ವಾಲಬಿ ಹೆದರಿದರೆ ಹಿಂದೆಮುಂದೆ ನೋಡದೆ ಹಾರುತ್ತದೆ, ಬಾಯೊಳಗೆ ಕಾಲು ಸಿಕ್ಕಿದರೆ ಮುರಿಯುತ್ತದೆ. ಬರೀ ಬಾಯಿ ಮುಚ್ಚಿದರೂ ಆಗದು, ಆಕಾರವೇ ಬೇರೆ. ಪೀಠ ಐದೇ ಇರುವುದು, ಹೊಸದು ಬರುವುದಿಲ್ಲ. ಲಾರಿ ಇವತ್ತಿಗೆ ಹದಿನೆಂಟನೆಯ ದಿನಕ್ಕೆ ಬರುತ್ತದೆ. "ಆಗಲ್ಲ ಅಂದರೆ ಈಗಲೇ ಹೇಳಿಬಿಡಿ ಮೇಸ್ತ್ರಿ. ಚೆನ್ನೈಯವರನ್ನ ಕೇಳ್ತೀನಿ. ಬೇಜಾರು ಮಾಡಿಕೊಳ್ಳಲ್ಲ." ಆ ಕೊನೆಯ ಮಾತೇ ನನಗೆ ಹೆಚ್ಚು ಚುಚ್ಚಿದ್ದು. ಆಗುತ್ತೆ ಅಂದೆ. ಅವರು ಹೊರಟರು.

ಹಾರೆ ತರಲು ಹೇಳಿದೆ. ಒಬ್ಬರೂ ಅಲುಗಾಡಲಿಲ್ಲ.

"ತನಿ ಎರ್ದಿರೋ ಉತ್ತಕ್ಕೆ ಆರೆ ಆಕ್ತಾರಾ?" ಅಂದಳು ಅಕ್ಕ. ಕೈಯ ಗಾರೆ ತೊಳೆದುಕೊಂಡು ಹುಣಸೆಮರದ ಕೆಳಗೆ ಹೋಗಿ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಹೋಗಿ ಕೂತರು. ಇಬ್ಬರು ಊಟದ ಡಬ್ಬಿ ತೆಗೆದುಕೊಂಡು ಮನೆಗೇ ಹೋದರು.

ನನಗೆ ಸಿಟ್ಟು ಬಂತು. "ಸಿಮೆಂಟು ಕಣ್ರಯ್ಯಾ! ನೀವೇ ಕಲಸಿದ್ದು, ನಾನೇ ಮೆತ್ತಿದ್ದು. ಒಳಗೆ ಕೋಳಿ ಜಾಲರಿ ಐತೆ, ನಾಗಪ್ಪ ಇಲ್ಲ."

"ಗೋಪುರದ ಗೊಂಬೆನೂ ನೀನೇ ಮಾಡಿದ್ದಲ್ವಾ? ಅದ್ರೊಳಗೂ ಜಾಲರಿನೇ ಅಲ್ವಾ? ಓಗು, ಅದ್ನ ಒಡ್ದು ಬಾ, ಆಮೇಲೆ ಇದ್ನ ಒಡೀವಂತೆ" ಅಂದಳು ಅಕ್ಕ.

ನಾನೇ ಹಾರೆ ತೆಗೆದುಕೊಂಡು ದೊಡ್ಡ ಹುತ್ತದ ಮುಂದೆ ಹೋದೆ. ಕುಂಕುಮ ಇನ್ನೂ ಹಸಿಯಾಗಿತ್ತು. ಹಾರೆ ಎತ್ತಲು ಆಗಲಿಲ್ಲ. ಹುತ್ತ ಒಡೆದರೆ ಮಕ್ಕಳ ಮೈಮೇಲೆ ಸರ್ಪಸುತ್ತು ಏಳುತ್ತದೆ ಅಂತ ಅವ್ವ ಹೇಳುತ್ತಿದ್ದದ್ದು ತಲೆಯಲ್ಲಿ ಬಂತು. ಭಯವಾಗಲಿಲ್ಲ ಅಂದರೆ ಸುಳ್ಳು. ಹಾರೆಯನ್ನು ಗೋಡೆಗೆ ಒರಗಿಸಿದೆ. ಹದಿನೆಂಟರಲ್ಲಿ ಒಂದು ದಿನ ಹೀಗೆ ಹೋಯಿತು.

ಸಂಜೆ ಎಲ್ಲ ಹೊರಡುವಾಗ ಅಕ್ಕನನ್ನು ತಡೆದೆ. "ಒಂದು ದಾರಿ ಯೋಳಕ್ಕ. ಈ ಕೆಲಸ ಕೈ ಬುಟ್ಟೋದ್ರೆ ನಾನು ಇನ್ನೊಬ್ಬನ ಕೈಕೆಳಗೇ ಸಾಯ್ಬೇಕು."

ಅವಳು ಡಬ್ಬಿಯ ಚೀಲ ಕೆಳಗಿಟ್ಟಳು. "ಮನೇಲಿ ಉತ್ತ ಎದ್ರೆ ಏನು ಮಾಡ್ತಾರೆ? ಕೇಳ್ಕತಾರೆ. ನೀನು ಯಾರನ್ನ ಕೇಳ್ದೆ? ತಪ್ಪು ನಡದೈತೆ. ತಪ್ಪು ಕಾಣಿಕೆ ಕಟ್ಟು. ತಪ್ಪು ಏನು ಅಂತ ಬಾಯ್ಬುಟ್ಟು ಯೋಳು. ಆಮೇಲೆ ಅವನನ್ನ ಬ್ಯಾರೆ ಕಡೆ ಕರ್ಕೊಂಡೋಗಿ ಬುಡಾನ."

"ನಿಮ್ಮೆಲ್ಲರ ಮುಂದೆನಾ?"

"ಮತ್ತೆ? ತಪ್ಪು ನಮ್ಮೆಲ್ಲರ ಮುಂದೆ ಮಾಡ್ಲಿಲ್ವಾ?"

ಅದೇ ಕಷ್ಟವಾಗಿದ್ದದ್ದು. ಹಾರೆಗಿಂತ ಅದು ಭಾರ. ಹದಿನಾರು ವರ್ಷ ಈ ಜನರ ಜೊತೆ ಕೆಲಸ ಮಾಡಿದ್ದೇನೆ, ಒಂದು ದಿನವೂ ನನ್ನ ಬಾಯಿಂದ ಆ ಮಾತು ಬಂದಿರಲಿಲ್ಲ. ಗಾರೆ ಬಿರಿದರೆ ಮರಳು ಸರಿಯಿಲ್ಲ, ಅಚ್ಚು ಕೂರದಿದ್ದರೆ ಬಿಸಿಲು ಜಾಸ್ತಿ, ಬಣ್ಣ ಕೆಟ್ಟರೆ ಅಂಗಡಿಯವನು ಮೋಸ ಮಾಡಿದ. ಓದದವನು ಒಂದು ಸಲ ತಪ್ಪು ಒಪ್ಪಿದರೆ ಆಮೇಲೆ ಎಲ್ಲ ತಪ್ಪನ್ನೂ ಅವನ ತಲೆಗೇ ಕಟ್ಟುತ್ತಾರೆ ಅಂತ ನನ್ನ ಎಣಿಕೆ.

ಗುರುವಾರ ಬೆಳಿಗ್ಗೆ ಎಲ್ಲರೂ ಬಂದಿದ್ದರು, ಮನೆಗೆ ಹೋದ ಇಬ್ಬರೂ ಕೂಡ. ಅಕ್ಕ ಹೊಸ ಚೊಂಬು ತಂದಿದ್ದಳು. ಐದೂ ಹುತ್ತದ ಬಾಯಿಂದ ಒಂದೊಂದು ಚಿಟಿಕೆ ಗಾರೆಪುಡಿ, ಒಂದೊಂದು ಚಿಟಿಕೆ ಕುಂಕುಮ ತೆಗೆದು ಚೊಂಬಿಗೆ ಹಾಕಿ ಹಾಲು ತುಂಬಿದಳು. ಮಿಲ್ಲಿನ ಹಿಂದೆ ಬೇವಿನ ಮರದ ಬುಡದಲ್ಲಿ ಒಂದು ನಿಜವಾದ ಹುತ್ತ ಇತ್ತು, ನನ್ನ ಹುತ್ತದ ಮೊಣಕಾಲಿಗೂ ಬಾರದ್ದು. ಚೊಂಬು ಹೊತ್ತುಕೊಂಡು ಅಲ್ಲಿಗೆ ಹೋದೆವು. ನಾನು ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿ ಗಂಟು ಕಟ್ಟಿ ಹಿಡಿದುಕೊಂಡು ನಿಂತೆ. ಏನೋ ಗೊಣಗಿದೆ.

"ಜೋರಾಗಿ ಯೋಳು. ಆವಿಗೆ ಕಿವಿ ಇಲ್ಲ ಕಣಪ್ಪ, ನಮಗಾದ್ರೂ ಕೇಳಿಸ್ಲಿ" ಅಂದಳು ಅಕ್ಕ.

"ನಕ್ಷೆ ಕೊಟ್ಟಿದ್ದರು. ನಾನು ನೋಡಲಿಲ್ಲ. ನನಗೇ ಗೊತ್ತು ಅಂದುಕೊಂಡು ಮಾಡಿದೆ. ತಪ್ಪು ನನ್ನದು" ಅಂದೆ. ಜೋರಾಗಿಯೇ ಅಂದೆ.

ಯಾರೂ ನಗಲಿಲ್ಲ. ಅಕ್ಕ ಗಂಟನ್ನು ಬೇವಿನ ಟೊಂಗೆಗೆ ಕಟ್ಟಿಸಿ, ಹಾಲನ್ನು ಆ ಪುಟ್ಟ ಹುತ್ತದ ಬಾಯಿಗೆ ಸುರಿದು, "ಇಲ್ಲಿರಪ್ಪ, ಇದು ಸಣ್ಣದಾದ್ರೂ ಭದ್ರ" ಅಂದಳು.

ವಾಪಸು ಬಂದಾಗಲೂ ಮೊದಲ ಏಟು ಹಾಕಲು ಯಾರೂ ಮುಂದೆ ಬರಲಿಲ್ಲ. ಹಾಡಿಯ ಗೆಳೆಯ ಹಾರೆಯನ್ನು ನನ್ನ ಕೈಗೆ ಕೊಟ್ಟ. "ನಮ್ಮ ಕಾಡಲ್ಲಿ ಕರಡಿ ದಿನಾ ಉತ್ತ ಒಡೀತದೆ ಕಣೋ. ಮೂತಿ ಆಕಿ ಗೆದ್ಲು ಈರ್ತದೆ. ಯಾವ ಕರಡಿಗೂ ಸರ್ಪಸುತ್ತು ಬಂದಿದ್ದು ನಾನು ಕಾಣೆ. ಇವತ್ತೊಂದಿನ ಕರಡಿ ಆಗ್ಬುಡು."

"ಆಗೋದೇನು, ಆಗ್ಲೇ ಅಂಗೇ ಅವ್ನೆ" ಅಂದಳು ಅಕ್ಕ, ನನ್ನ ತೋಳಿನ ಕೂದಲು ನೋಡಿ. ಆಗ ಎಲ್ಲರೂ ನಕ್ಕರು. ಆ ನಗೆಯ ನಡುವೆಯೇ ನಾನು ಹಾರೆ ಹಾಕಿದೆ. ನನ್ನ ಗಾರೆ ಗಟ್ಟಿ. ಮೂರನೆಯ ಏಟಿಗೆ ಕೋಡು ಮುರಿಯಿತು. ಎರಡನೆಯ ಹುತ್ತಕ್ಕೆ ನಾಲ್ಕು ಹಾರೆ ಬಂದವು.

ನಾಲ್ಕನೆಯದನ್ನು ಒಡೆಯಲು ಹೋದಾಗ ಬಾಯೊಳಗೆ ಏನೋ ಸರಿದಾಡಿತು. ಹಿಂದಕ್ಕೆ ಹಾರಿದೆವು. ಹಾಲಿಗೆ ಇರುವೆ ಬಂದಿತ್ತು, ಇರುವೆಗೆ ಕಪ್ಪೆ ಬಂದಿತ್ತು, ಕಪ್ಪೆಗೆ ಕೇರೆಹಾವು ಬಂದಿತ್ತು. ಐದಡಿ ಉದ್ದದ್ದು, ಹೊರಗೆ ತಲೆ ಹಾಕಿ ನಮ್ಮನ್ನೆಲ್ಲ ನೋಡಿ ಮತ್ತೆ ಒಳಗೆ ಹೋಯಿತು. "ಬಾಡ್ಗೆಗೆ ಬಂದುಬುಟ್ಟವ್ನೆ ಕಣ್ಲಾ" ಅಂದ ಗೆಳೆಯ. ಅಕ್ಕ ಕೈ ಮುಗಿದಳು. ಅದು ತಾನಾಗಿ ಹೊರಗೆ ಹೋಗುವವರೆಗೆ ಒಂದು ಗಂಟೆ ಕೂತು ಕಾದೆವು. ಇದು ಪಿರಿಯಾಪಟ್ಟಣ ಅಂತ ಮೇಡಂ ಹೇಳಿದ್ದೂ ನಿಜವಾಯಿತು, ಒಳಗೆ ಅವನಿದ್ದಾನೆ ಅಂತ ಅಕ್ಕ ನಂಬಿದ್ದೂ ನಿಜವಾಯಿತು. ನನಗೆ ಒಳಗೊಳಗೇ ಇನ್ನೊಂದು ಸಮಾಧಾನ: ಹಾವಿಗೂ ಗೊತ್ತಾಗದ ಹಾಗೆ ಮಾಡಿದ್ದೆನಲ್ಲ.

ಶುಕ್ರವಾರ ಸಂಜೆಗೆ ಪೀಠ ಐದೂ ಖಾಲಿಯಾದವು. ಶನಿವಾರದಿಂದ ಆರು ದಿನದಲ್ಲಿ ಹೊಸವು ಕಟ್ಟಿದೆವು. ಎರಡನೆಯ ಮತ್ತು ಮೂರನೆಯ ಹಾಳೆಗಳನ್ನು ಗೋಡೆಗೆ ಅಂಟಿಸಿಕೊಂಡು, ಸಂಶಯ ಬಂದಾಗಲೆಲ್ಲ ಹೋಗಿ ನೋಡುತ್ತಿದ್ದೆ. ಗೆಳೆಯನ ಕೈಗೂ ಚಪ್ಪಟೆ ಆಕಾರ ಮೊದಲು ಬರಲಿಲ್ಲ, ಕಂಬಿ ತಾನಾಗಿ ಹೊಟ್ಟೆ ಬಿಡುತ್ತಿತ್ತು. ಅಡ್ಡಕ್ಕೆ ಮೂರು ಪಟ್ಟಿ ಬೆಸೆದು ಹಿಡಿಸಿದೆವು. ಬಣ್ಣಕ್ಕೆ ಫೋಟೋ ಹಿಡಿದುಕೊಂಡು ಮೂರು ಕಡೆಯ ಮಣ್ಣು ನೋಡಿದೆ. ಹುಣಸೂರಿನ ಕೆಂಪು ಜಾಸ್ತಿ, ಕೆ.ಆರ್. ನಗರದ ಗದ್ದೆಮಣ್ಣು ಕಪ್ಪು ಜಾಸ್ತಿ. ಕೋಟೆ ಕಡೆಯ ಬೂದಿಗೆಂಪು ಸರಿಹೊಂದಿತು, ಜರಡಿ ಹಿಡಿದು ಕೊನೆಯ ಪದರಕ್ಕೆ ಬೆರೆಸಿದೆವು. ಬಾಯಿಯ ಜಾಗ ಬಂದಾಗಲೆಲ್ಲ ಬೆರಳು ತಾನಾಗಿ ಗುಳಿ ತೋಡಲು ಹೋಗುತ್ತಿತ್ತು. ಎಳೆದುಕೊಳ್ಳುತ್ತಿದ್ದೆ. ಪೀಠದ ಮೇಲೆ ಉತ್ತರ ದಿಕ್ಕಿಗೆ ಬಿಳಿ ಬಣ್ಣದಲ್ಲಿ ಬಾಣ ಬರೆದೆ. ಆಮೇಲೆ ಒಂಬತ್ತು ದಿನ ಗೋಣಿತಾಟು ಹೊದಿಸಿ ಮೂರು ಹೊತ್ತು ನೀರು ಕುಡಿಸಿದೆವು. ಈ ಹದಿನೆಂಟು ದಿನದ ಮಧ್ಯೆ ಎರಡು ಮಂಗಳವಾರ ಬಂದವು. ಗೇಟಿಗೆ ಬಂದ ಹೆಂಗಸರಿಗೆ ಅಕ್ಕನೇ ಹೋಗಿ, "ಅವನು ಇಲ್ಲಿಲ್ಲ ಕಣ್ರವ್ವ, ಇಂದ್ಗಡೆ ಬೇವಿನ ಮರಕ್ಕೆ ಓಗವ್ನೆ" ಅಂತ ಕಳಿಸುತ್ತಿದ್ದಳು. ಹದಿನೆಂಟನೆಯ ದಿನ ಲಾರಿ ಬಂತು.

ಹುತ್ತಗಳನ್ನು ಕೂರಿಸಲು ನಾನೂ ಹೋದೆ. ಕ್ರೇನಿನಲ್ಲಿ ಇಳಿಸಿ, ಬೋಲ್ಟ್ ಬಿಗಿದು, ಬುಡಕ್ಕೆ ಮಣ್ಣು ಏರಿಸಿ ಹುಲ್ಲು ನೆಟ್ಟೆವು. ಒಂದು ಹುತ್ತದ ಹಿಂದೆ ವಾಲಬಿಗಳ ಮನೆಯ ಬಾಗಿಲು ಮರೆಯಾಯಿತು, ಇನ್ನೊಂದರ ಹಿಂದೆ ಮೇವಿನ ತೊಟ್ಟಿ. ದಾರಿಯಲ್ಲಿ ನಿಂತರೆ ಕಟ್ಟಡ ಒಂದೂ ಕಾಣದು, ಹುಲ್ಲು, ಹುತ್ತ, ಆಕಾಶ ಅಷ್ಟೆ. ವಾಲಬಿಗಳನ್ನು ಬಿಟ್ಟ ದಿನ ಅವು ಹೊರಗೇ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಪಾಲಕ ಬಾಗಿಲು ತೆರೆದಿಟ್ಟು ದೂರ ಹೋಗುತ್ತಿದ್ದ, ಅವು ಮೂಗು ತೋರಿಸಿ ಒಳಗೆ ಹೋಗುತ್ತಿದ್ದವು. ಪ್ರಾಣಿ ಒಪ್ಪದಿದ್ದರೆ ಮತ್ತೆ ಬದಲಾಯಿಸಬೇಕಾಗುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರು. ಜನ ಬಂದು ನಿಂತು ಬೈಯುತ್ತಿದ್ದರು. "ಟಿಕೆಟ್ ತಗೊಂಡು ಮಣ್ಣು ನೋಡಕ್ಕೆ ಬಂದಿದ್ದೀವಾ?" ಅಂತ ಒಬ್ಬರು ನನ್ನನ್ನೇ ಕೇಳಿದರು. ಮಣ್ಣು ನನ್ನದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು.

ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಮೇಲೆ ಒಂದು ಹೊರಗೆ ಬಂತು. ಮುಂಗಾಲು ಊರಿ, ಹಿಂಗಾಲು ಎಳೆದುಕೊಂಡು, ಕಿವಿಯನ್ನು ಒಂದೊಂದು ಕಡೆಗೆ ಒಂದೊಂದು ತಿರುಗಿಸುತ್ತಾ ನಡುವಿನ ಹುತ್ತದವರೆಗೆ ಹೋಯಿತು. ಮೂಸಿ ನೋಡಿತು. ಪಶ್ಚಿಮದ ಬಿಸಿಲು ಆ ಕಡೆಯ ಮೈಗೆ ಬೀಳುತ್ತಿತ್ತು, ಪೂರ್ವದ ಕಡೆ ಅಗಲವಾದ ನೆರಳು. ಆ ನೆರಳಿನಲ್ಲಿ ಎರಡು ಸಲ ನೆಲ ಕೆರೆದು, ಬೆನ್ನನ್ನು ಹುತ್ತಕ್ಕೆ ಕೊಟ್ಟು ಮಲಗಿತು. ಹಿಂದೆಯೇ ಇನ್ನೆರಡು ಬಂದವು. ಮರುದಿನ ಬೆಳಿಗ್ಗೆ ನೋಡಿದರೆ ಮೂರೂ ಪಶ್ಚಿಮದ ಕಡೆಯ ನೆರಳಿಗೆ ಬಂದು ಮಲಗಿದ್ದವು. ಯಾರೂ ಕಲಿಸಿರಲಿಲ್ಲ. ಗುಂಡಗಿನ ಹುತ್ತವಾಗಿದ್ದರೆ ಅಷ್ಟು ನೆರಳು ಬೀಳುತ್ತಲೇ ಇರಲಿಲ್ಲ.

ಮೇಡಂ ನನ್ನ ಪಕ್ಕದಲ್ಲೇ ಮರೆಯಲ್ಲಿ ನಿಂತಿದ್ದರು. ಆಮೇಲೆ ಅಲ್ಲಿಗೆ ಬಂದ ಮೃಗಾಲಯದ ದೊಡ್ಡ ಸಾಹೇಬರಿಗೆ, "ಸರ್, ಇದನ್ನ ಮಾಡಿದವರು ಇವರು" ಅಂದರು. ಸಾಹೇಬರು ಕೈ ಚಾಚಿದರು. ನನ್ನ ಕೈ ಮಣ್ಣಾಗಿತ್ತು, ಪಂಚೆಗೆ ಒರೆಸಿಕೊಂಡು ಕೊಟ್ಟೆ. ಆಫ್ರಿಕಾದ ಆವರಣದ ಆದೇಶ ಹದಿನೈದು ದಿನದಲ್ಲಿ ಬಂತು.

ಇವತ್ತಿಗೆ ನನ್ನ ಹೆಸರಿನಲ್ಲಿ ಮುಗಿದ ಆವರಣ ಆರು. ಆಫ್ರಿಕಾದವು ನಾಲ್ಕು, ಆಸ್ಟ್ರೇಲಿಯಾದವು ಎರಡು. ಕೈಯಲ್ಲಿರುವ ಕೆಲಸ ಒಂದು. ಕೆಲಸದವರು ಹದಿನಾಲ್ಕು ಜನ, ಅವರಲ್ಲಿ ಹೆಂಗಸರು ಐದು. ಗಾರೆ ಕಲಸುವ ಯಂತ್ರ ಎರಡು, ಒಂದು ರಿಪೇರಿಗೆ ಹೋಗಿದೆ. ವೆಲ್ಡಿಂಗ್ ಯಂತ್ರ ಒಂದು. ಬಂಡೆಯ ಅಚ್ಚು ಮೂವತ್ತೊಂದು, ಮರದ ತೊಗಟೆಯ ಅಚ್ಚು ಹನ್ನೆರಡು. ಊರಿನಲ್ಲಿ ಒಂದೂವರೆ ಎಕರೆ, ಹುಣಸೂರಿನಲ್ಲಿ ಎರಡು ಕೋಣೆಯ ಮನೆ. ಮಕ್ಕಳು ಇಬ್ಬರು, ಇಬ್ಬರೂ ಓದುತ್ತಿದ್ದಾರೆ.